ಕಾಲೋನಿ ಬಿಟ್ಟ ವರ್ಷ

ಸೇಡಂನಲ್ಲಿ ಕೂತು ಪಿಎಚ್‌ಪಿ ಫ್ರೇಮ್‌ವರ್ಕಿನಲ್ಲಿ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಫಾರ್ಮ್ ತುಂಬುವವರು ತಪ್ಪಿದರೆ ಕೆಂಪಕ್ಷರದಲ್ಲಿ ಎಚ್ಚರಿಸುವ ನಿಯಮ ಬರೆಯುವವಳೂ ನಾನೇ, ಆಮೇಲೆ ಬೈಸಿಕೊಳ್ಳುವವಳೂ ನಾನೇ. ವಾರಕ್ಕೊಂದಾದರೂ ಇಂಥ ಫೋನು ಬಂದೇ ಬರುತ್ತದೆ. ಆದರೆ ಶಹಾಬಾದ್ ಕಡೆ ನಾವು ಬೆಳೆದ ಕಾರ್ಖಾನೆ ಕಾಲೋನಿಯವರೆಲ್ಲ ಒಮ್ಮೆ ಕೂಡಬೇಕೆಂದು ನೋಂದಣಿಯ ಫಾರ್ಮ್ ಮಾಡಿದೆನಲ್ಲ, ಆಗ ಬಂದ ಫೋನುಗಳೇ ಬೇರೆ. ಕಂಪನಿಯವರು ಕ್ವಾರ್ಟರ್ಸ್ ಕೆಡವಿದ ಮೇಲೆ, ಎಲ್ಲರೂ ಒಂದೊಂದು ಊರು ಹಿಡಿದು ಬಹಳ ವರ್ಷವಾಗಿತ್ತು.

೧. ಒಂದೇ ಇಮೇಲ್

ಮೊದಲ ಫೋನು ಚಿತ್ತಾಪುರದ ಕಾಕಾನದು, ಕಾಲೋನಿಯಲ್ಲಿ ನಮ್ಮ ಹಿಂದಿನ ಸಾಲಿನವರು. ತಾವಿನ್ನೂ ಹೆಸರೇ ಕೊಟ್ಟಿಲ್ಲ, ಆದರೂ 'ಈ ಇಮೇಲ್ ಆಗಲೇ ನೋಂದಣಿಯಾಗಿದೆ' ಅಂತ ಬರುತ್ತಿದೆ ಅಂದರು. ತೆಗೆದು ನೋಡಿದೆ. ಆ ಇಮೇಲಿನ ಮುಂದೆ, ಕಾಲೋನಿಯಲ್ಲಿ ಇವರ ಗೋಡೆಗೆ ಗೋಡೆ ಹಚ್ಚಿ ಇದ್ದ ಗೆಳೆಯರೊಬ್ಬರ ಹೆಸರಿತ್ತು. ಇಬ್ಬರೂ ಚಿತ್ತಾಪುರದ ಒಂದೇ ನೆಟ್ ಸೆಂಟರಿಗೆ ಹೋಗಿ, ಅಂಗಡಿಯವನ ಇಮೇಲನ್ನೇ ಕೊಟ್ಟಿದ್ದರು. ಹೇಳಿದೆ. ಕಾಕಾ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿದರು.

"ಅಂವ ಇದೇ ಊರಾಗ ಅದಾನೇನವ್ವಾ?"

ಒಂದು ಇಮೇಲಿಗೆ ಒಬ್ಬರೇ ಅನ್ನುವ ನಿಯಮ ತೆಗೆದುಬಿಡುತ್ತೇನೆ ಅಂದೆ.

"ತೆಗೀಬ್ಯಾಡ. ಇನ್ನಾ ಯಾರ್ಯಾರು ಸಿಗ್ತಾರ ನೋಡಮಿ."

೨. ಇನ್ನೂರೈವತ್ತೈದು ಅಕ್ಷರ

ಕಾಲೋನಿ ಶಾಲೆಯಲ್ಲಿ ನಮಗೆ ಎರಡನೇತ್ತಾ ಕಲಿಸಿದ ಅಕ್ಕೋರು ಈಗ ಚಿಂಚೋಳಿಯಲ್ಲಿದ್ದಾರೆ. 'ನೆನಪು' ಅನ್ನುವ ಜಾಗದಲ್ಲಿ ಅವರು ಬರೆದದ್ದು ಮಿತಿ ದಾಟಿತ್ತು. ತಪ್ಪು ತೋರಿಸುವಾಗ ಬರೆದದ್ದನ್ನು ಹಾಗೇ ಉಳಿಸಬೇಕಿತ್ತು, ನಾನು ಮರೆತಿದ್ದೆ. ಎಲ್ಲಾ ಅಳಿಸಿ ಹೋಯಿತು. ಫೋನು ಬಂದಾಗ ಬೈಯುತ್ತಾರೆ ಅಂದುಕೊಂಡರೆ, ನಾನು ಹೇಳುತ್ತೇನೆ, ನೀನು ಬರಕೋ ಅಂದರು. ಪಾಳಿ ಬದಲಾಗುವ ಸೈರನ್ನು, ಬ್ಯಾಸಿಗಿಯಲ್ಲಿ ರಾತ್ರಿ ಮಲಗಲು ಸಾಲಾಗಿ ಹೊರಗೆ ಬೀಳುತ್ತಿದ್ದ ಹೊರಸು, ಎಲ್ಲಾ ಹೇಳಿದರು. ಮಕ್ಕಳ ಹಾಜರಿ ಪಟ್ಟಿ ಅವರಿಗೆ ಕ್ರಮವಾಗಿ ಬಾಯಿಪಾಠ. ಅದರಲ್ಲಿ ನನ್ನ ಹೆಸರೂ ಬಂತು. ಅಂದೇ ಮಿತಿಯನ್ನು ಐದು ಸಾವಿರಕ್ಕೆ ಏರಿಸಿ ಸರಿಯಾಯಿತೆಂದು ತಿಳಿಸಿದೆ. ಮರುದಿನ ಮತ್ತೆ ಫೋನು.

"ಈಗ ಏನೂ ತಪ್ಪು ತೋರಸ್ಲಿಕತ್ತಿಲ್ಲವ್ವಾ. ನಿನಗ ಫೋನ್ ಹಚ್ಚಲಿಕ್ಕ ಏನು ನೆಪ ಹೇಳ್ಲಿ?"

೩. ಅಂಕಿ ಮಾತ್ರ

ಕಾಲೋನಿಗೆ ನಳದ ನೀರು ಬಿಡುತ್ತಿದ್ದ ಮಾಮಾ ಈಗ ಕೋಡ್ಲಾದಲ್ಲಿದ್ದಾರೆ. 'ಕಾಲೋನಿ ಬಿಟ್ಟ ವರ್ಷ' ಅನ್ನುವಲ್ಲಿ ಅವರು 'ಬಿಟ್ಟಿಲ್ಲ' ಅಂತ ಬರೆದಿದ್ದರು. 'ಅಂಕಿ ಮಾತ್ರ ಬರೆಯಿರಿ' ಅಂತ ಕೆಂಪಕ್ಷರ ಬಂತು. ಮನೆ ಖಾಲಿ ಮಾಡಿದ ವರ್ಷ ಹಾಕಿರಿ ಮಾಮಾ ಅಂದೆ.

"ಮನಿ ಕೆಡವಿದವರು ಕಂಪನಿಯವರು. ನಾ ಎಲ್ಲಿ ಬಿಟ್ಟೀನಿ?"

ಕಂಪ್ಯೂಟರಿಗೆ ಅಂಕಿಯೇ ಬೇಕು ಅಂತ ತಿಳಿಸಿ ಹೇಳಿದೆ. ಹಾಗಾದರೆ ಸೊನ್ನೆ ಹಾಕುತ್ತೇನೆ ಅಂದರು. ಅದಕ್ಕೂ ಕೆಂಪಕ್ಷರ, ನಾಲ್ಕು ಅಂಕಿ ಬೇಕಂತೆ. ನೋಡ್ತೀನಿ ಅಂತ ಫೋನಿಟ್ಟರು.

ಸಂಜೆ ಪಟ್ಟಿ ತೆಗೆದೆ. ಮಾಮಾನ ಹೆಸರಿನ ಮುಂದೆ ೨೦೯೯ ಅಂತ ಇತ್ತು. ಇನ್ನೂ ಬಾರದ ವರ್ಷವನ್ನು ಒಪ್ಪಬಾರದು ಅನ್ನುವ ನಿಯಮ ಬರೆಯಲು ನನಗೇ ಹೊಳೆದಿರಲಿಲ್ಲ. ಫೋನ್ ಮಾಡಿ, ಇದೇನು ಮಾಮಾ ಅಂತ ಕೇಳಿದೆ.

"ಅಲ್ಲೀತನಾ ಅಂತೂ ಬಿಡಂಗಿಲ್ಲವ್ವಾ. ಮುಂದಿಂದು ಆಮ್ಯಾಲ ನೋಡಮಿ."