ಇಲ್ಲದ ಗ್ಯಾರೇಜಿನ ಇತಿಹಾಸ

ಸಿಟ್ಟು ಮಾಡಿಕೊಳ್ಳಬಾರದು, ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಸಿಟ್ಟು ಬರುವಂಥ ಕೆಲಸ ಮಾಡಿದವರೇ ಹೀಗೆ ಬುದ್ಧಿ ಹೇಳುವುದು. ನಮ್ಮ ಮನೆಯಲ್ಲಿ ಆ ಎರಡೂ ಹೊಣೆಗಳನ್ನು ನಮ್ಮ ಯಜಮಾನರೇ ವಹಿಸಿಕೊಂಡಿದ್ದಾರೆ. ಅವರು ತಾವಾಗಿ ನನ್ನ ಬಿ.ಪಿ. ಮಾತ್ರೆಯನ್ನು ನೀರಿನ ಲೋಟದ ಸಮೇತ ತಂದುಕೊಟ್ಟರೆಂದರೆ ಏನೋ ಮಾಡಿಟ್ಟು ಬಂದಿದ್ದಾರೆ ಎಂದೇ ಅರ್ಥ. ಅವರ ಕಂಪನಿಯ ಹೊಸ ಆಫೀಸಿನ ಪ್ರವೇಶದ ದಿನ ಬೆಳಿಗ್ಗೆಯೂ ಹಾಗೆಯೇ ತಂದುಕೊಟ್ಟರು. ರೇಷ್ಮೆ ಸೀರೆಯ ನೆರಿಗೆ ಹಿಡಿಯುವ ಗಡಿಬಿಡಿಯಲ್ಲಿದ್ದ ನಾನು ಅನುಮಾನಪಡದೆ ನುಂಗಿಬಿಟ್ಟೆ.

ಕಂಪನಿ ಎಂದರೆ ಮೈದಾನದ ಆಟಗಳನ್ನು ಮೊಬೈಲಿನಲ್ಲಿ ಆಡುವಂತೆ ತಯಾರಿಸುವ ಸ್ಟುಡಿಯೊ. ಸ್ಟುಡಿಯೊ ಎಂದು ಕೇಳಿ, ಆಧಾರ್ ಕಾರ್ಡಿಗೆ ಬೇಕೆಂದು ಫೋಟೊ ತೆಗೆಸಲು ನಮ್ಮ ಮನೆ ಬಾಗಿಲಿಗೆ ಬಂದವರೂ ಇದ್ದಾರೆ. ಯಜಮಾನರು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವರು. ಹರಿಹರದ ಇಮ್ತಿಯಾಜ್ ಅವರ ಶಿಷ್ಯ. ಅವನ ಮನೆಯವರು ಲಾರಿಗಳಿಗೂ ಅಂಗಡಿ ಬೋರ್ಡುಗಳಿಗೂ ಬಣ್ಣ ಹಚ್ಚಿ ಚಿತ್ರ ಬರೆಯುವವರಾದ್ದರಿಂದ ಚಿತ್ರಕಲೆ ಅವನಿಗೆ ಹುಟ್ಟಿನಿಂದ ಬಂದಿತ್ತು. ಗುರುಶಿಷ್ಯರು ಸೇರಿ ವಿದ್ಯಾನಗರದ ನಮ್ಮ ಬಾಡಿಗೆ ಮನೆಯ ಊಟದ ಮೇಜನ್ನು ವಶಪಡಿಸಿಕೊಂಡರು. ನಾವು ನೆಲದ ಮೇಲೆ ಉಣ್ಣತೊಡಗಿದೆವು. ನಾನು ಮಿಕ್ಸಿ ಹಾಕಿದರೆ ಅವರ ಕಂಪ್ಯೂಟರ್ ಆರಿಹೋಗುತ್ತಿದ್ದುದರಿಂದ ಚಟ್ನಿಯನ್ನು ಒರಳಲ್ಲಿ ರುಬ್ಬತೊಡಗಿದೆ. ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಆ ಮಂಡಕ್ಕಿಯಲ್ಲಿ ಅರ್ಧ ಹೊಟ್ಟೆಗೆ, ಅರ್ಧ ಕೀಬೋರ್ಡಿನ ಸಂದಿಗೆ.

ಅವರು ಮೊದಲು ಮಾಡಿದ್ದು ಕ್ರಿಕೆಟ್. ಅದರಲ್ಲಿ ಔಟಾದ ಬ್ಯಾಟ್ಸ್‌ಮನ್ ಹೊರಗೆ ನಡೆಯುವ ಬದಲು ಸೀದಾ ಅಂಪೈರನ ಹೊಟ್ಟೆಯೊಳಗೆ ಹೊಕ್ಕು ಮಾಯವಾಗುತ್ತಿದ್ದ. ಆಮೇಲೆ ಕಬಡ್ಡಿ. ಅಲ್ಲಿ ಹಿಡಿದವನ ಕೈಯಲ್ಲಿ ಬರೀ ಕಾಲು ಉಳಿದು, ಮಿಕ್ಕ ಮನುಷ್ಯ ಗೆರೆ ದಾಟಿ ಅಂಕ ತರುತ್ತಿದ್ದ. ನಾನು ನಕ್ಕರೆ ಇಬ್ಬರಿಗೂ ಮುನಿಸು. ಮೂರನೆಯದಾಗಿ ಖೋ ಖೋ ಮಾಡಿರಿ ಎಂದವಳು ನಾನು. ಗುತ್ತೂರಿನ ಶಾಲೆಯಲ್ಲಿ ಖೋ ಖೋ ಆಡಿಯೇ ಬೆಳೆದವಳು. ಕಂಬ ಸುತ್ತುವಾಗ ನನ್ನನ್ನು ಮುಟ್ಟುವುದಿರಲಿ, ನನ್ನ ಜಡೆಯನ್ನು ಮುಟ್ಟಿದವರೂ ಇಲ್ಲ. ಅವರು ಬರೆದ ಚಿತ್ರ ನೋಡಿ ನನಗೆ ತಡೆಯಲಾಗಲಿಲ್ಲ. "ಎಲ್ಲಾರೂ ಒಂದೇ ಕಡೀಗೆ ಮುಖ ಮಾಡಿ ಕುಂತಾರಲ್ರೀ, ಪಂಕ್ತಿ ಊಟಕ್ಕೆ ಕುಂತಂಗೆ! ಒಬ್ರು ಈ ಕಡೀಗೆ, ಒಬ್ರು ಆ ಕಡೀಗೆ ಕೂಡ್ಬೇಕು" ಎಂದೆ. "ಹಂಗಾದ್ರೆ ನೀವೇ ಒಂದ್ಸಲ ಓಡಿ ತೋರಿಸ್ರಿ ಅಕ್ಕಾ" ಎಂದ ಇಮ್ತಿಯಾಜ್.

ದೊಡ್ಡ ಕಂಪನಿಗಳಲ್ಲಿ ಆಟಗಾರರ ಕೀಲುಕೀಲಿಗೂ ಏನೇನೋ ಅಂಟಿಸಿ ಅವರ ಚಲನೆಯನ್ನು ಕಂಪ್ಯೂಟರಿಗೆ ಇಳಿಸುತ್ತಾರಂತೆ. ನಮ್ಮಲ್ಲಿ ನನ್ನ ಹಣೆಬೊಟ್ಟಿನ ಪ್ಯಾಕೆಟ್ಟುಗಳನ್ನೇ ಖಾಲಿ ಮಾಡಿ ನನ್ನ ಮೊಣಕೈ, ಮೊಣಕಾಲು, ಭುಜಗಳಿಗೆಲ್ಲ ಅಂಟಿಸಿದರು. ತಾರಸಿಯ ಮೇಲೆ ಬಟ್ಟೆ ಒಣಹಾಕುವ ಕಂಬವೇ ಖೋ ಖೋ ಕಂಬವಾಯಿತು. ಅಕ್ಕಪಕ್ಕದ ಹಾಸ್ಟೆಲಿನ ಹುಡುಗಿಯರೆಲ್ಲ ಕಿಟಕಿಗೆ ಬಂದು ನಿಂತರು. ಯಜಮಾನರು ತಮ್ಮ ಟ್ರ್ಯಾಕ್ ಪ್ಯಾಂಟು ಹಾಕಿಕೋ ಎಂದಾಗ ನಾನು ಒಪ್ಪಲಿಲ್ಲ, ಸೀರೆಯಲ್ಲೇ ಓಡಿದೆ. ಪ್ರತಿ ಸಲ ಓಡುವ ಮುಂಚೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಕಂಪ್ಯೂಟರಿನಲ್ಲಿ ಸೀರೆ ಹೋಯಿತು, ಸೆರಗು ಸಿಕ್ಕಿಸುವುದು ಉಳಿಯಿತು. ತೆಗೆಯಲು ಹೋದರೆ ಓಟದ ಲಯವೇ ಕೆಡುತ್ತಿತ್ತು. ಹೀಗಾಗಿ ಚಡ್ಡಿ ತೊಟ್ಟ ಗಂಡಸರೆಲ್ಲ ಓಡುವ ಮುಂಚೆ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಡುತ್ತಿದ್ದರು. ಜನ ಬಿದ್ದು ಬಿದ್ದು ನಕ್ಕರು, ಆದರೆ ಆಡುವುದನ್ನು ಬಿಡಲಿಲ್ಲ. ಕಂಪನಿಗೆ ಹೆಸರು ಬಂದದ್ದೇ ಆ ಆಟದಿಂದ.

ಈಗ ಹೊಸ ಆಫೀಸಿಗೆ ಬರೋಣ. ದೀಪ ಹಚ್ಚಿ ಒಳಗೆ ಕಾಲಿಟ್ಟರೆ ಗೋಡೆಯ ತುಂಬ ದೊಡ್ಡ ಬೋರ್ಡು: 'ನಮ್ಮ ಇತಿಹಾಸ'. ಒಂದು ಪುಟ್ಟ ಗ್ಯಾರೇಜಿನಲ್ಲಿ ಇಬ್ಬರು ಗೆಳೆಯರು ಕಂಡ ಕನಸು ಎಂದು ಶುರು. ಗ್ಯಾರೇಜ್! ನಮ್ಮಲ್ಲಿ ಆಗ ಇದ್ದದ್ದು ಒಂದು ಸ್ಕೂಟರ್, ಅದೂ ಸೀಬೆ ಗಿಡದ ಕೆಳಗೆ ಹಕ್ಕಿಗಳ ಕೃಪೆಯಲ್ಲಿ ನಿಲ್ಲುತ್ತಿತ್ತು. ಮುಂದೆ ಓದಿದರೆ, ಖೋ ಖೋ ಆಟವನ್ನು ಅಂತರರಾಷ್ಟ್ರೀಯ ಕ್ರೀಡಾಪಟುಗಳ ಚಲನೆಯನ್ನು ಅಧ್ಯಯನ ಮಾಡಿ ರೂಪಿಸಲಾಯಿತಂತೆ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ 'ಕುಟುಂಬದವರ ತಾಳ್ಮೆಗೆ ಕೃತಜ್ಞತೆಗಳು'. ತಾಳ್ಮೆ! ನನ್ನಲ್ಲಿ ಇಲ್ಲದ ಒಂದೇ ಒಂದು ಗುಣವನ್ನು ಹುಡುಕಿ ಅದಕ್ಕೆ ಕೃತಜ್ಞತೆ ಹೇಳಿದ್ದರು. ಬೆಳಿಗ್ಗೆ ನುಂಗಿದ ಮಾತ್ರೆ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಎಲ್ಲೈತ್ರೀ ನಮ್ಮನ್ಯಾಗೆ ಗ್ಯಾರೇಜು?" ಎಂದೆ. ಬಂದ ಅತಿಥಿಗಳ ಕೈಯಲ್ಲಿ ಕೇಸರಿಬಾತು ಇತ್ತು. ಯಜಮಾನರು ಮೆಲ್ಲಗೆ, "ದೊಡ್ಡ ಕಂಪನಿಯೋರೆಲ್ಲ ಹಂಗೇ ಬರೀತಾರೆ ಕಣೆ, ಊಟದ ಮೇಜು ಅಂದ್ರೆ ಯಾರು ನಂಬ್ತಾರೆ? ಈಗ ಸಿಟ್ಟು ಬ್ಯಾಡ" ಎಂದರು. "ಮೇಜು ಬ್ಯಾಡ ಬಿಡ್ರಿ. ಓಡಿದೋಳು ನಾನು. ಮೊಣಕಾಲು ಊದಿಸ್ಕಂಡು ತಿಂಗಳುಗಟ್ಲೆ ಕುಂಟಿದೋಳು ನಾನು. ಯಾವ ದೇಶದ ಕ್ರೀಡಾಪಟು ಬಂದಿದ್ದ ನಮ್ ತಾರಸಿಗೆ? ಇಷ್ಟು ದೊಡ್ಡ ಗೋಡೆ ಐತೆ, ಇದ್ರಾಗೆ ಗಿರಿಜಾ ಅನ್ನೋ ಮೂರಕ್ಷರಕ್ಕೆ ಜಾಗ ಇರಲಿಲ್ವಾ?" ಎಂದು ಕೂಗಿದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಇಮ್ತಿಯಾಜ್ ಹತ್ತಿರ ಬಂದು, "ತಪ್ಪಾತು ಅಕ್ಕಾ. ಬೋರ್ಡು ಇವತ್ತೇ ಇಳಿಸ್ತೀನಿ" ಎಂದ. ಹಾಗೆಯೇ, "ಹೊಸ ಖೋ ಖೋ ಆಟಕ್ಕೆ ಬಯ್ಯೋ ಕೋಚಿನ ಧ್ವನಿ ಬೇಕಾಗೇತ್ರಿ. ಈಗ ಬೈದ್ರಲ್ಲ, ಹಂಗೇ ಬೈದ್ರೆ ಸಾಕು" ಎಂದ. "ಹೆಸರು ಹಾಕ್ತೀಯೇನು?" ಎಂದು ಕೇಳಿದೆ. "ಹಾಕ್ತೀನ್ರಿ, ಖಂಡಿತ" ಎಂದ.

ಮರುವಾರ ಮೈಕಿನ ಮುಂದೆ ನಿಂತರೆ ಸಿಟ್ಟೇ ಬರಲಿಲ್ಲ. ಹೆಸರು ಹಾಕುತ್ತೇನೆ ಎಂದ ಮೇಲೆ ಎಲ್ಲಿಂದ ಬರಬೇಕು? "ಔಟಾದೆಯಾ? ಕಣ್ಣೆಲ್ಲಿತ್ತು?" ಎನ್ನುವುದನ್ನು ಆಕಾಶವಾಣಿಯ ವಾರ್ತೆಯಂತೆ ಓದಿದೆ. ಇಮ್ತಿಯಾಜ್ ತಲೆ ಕೆರೆದುಕೊಂಡ. ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ಇಣುಕಿ, "ಏನೇ ಹೇಳು ಗಿರಿಜಾ, ಗ್ಯಾರೇಜು ಅಂದ್ರೆ ಕೇಳಾಕೆ ಒಂದು ತೂಕ ಇತ್ತು" ಎಂದರು. ಮೈಕು ಆನ್ ಆಗಿತ್ತು. ಆಮೇಲೆ ನಾನು ಆಡಿದ ಮಾತುಗಳಲ್ಲಿ ಆಟಕ್ಕೆ ಹಾಕಬಹುದಾದದ್ದನ್ನೆಲ್ಲ ಇಮ್ತಿಯಾಜ್ ಆರಿಸಿಕೊಂಡ.

ಹೊಸ ಆಟ ಈಗ ಬಿಡುಗಡೆಯಾಗಿದೆ. ಬೋರ್ಡು ತಿದ್ದಲು ಹೋದದ್ದು ಇನ್ನೂ ಬಂದಿಲ್ಲ. ಗೋಡೆಯಲ್ಲಿ ಮೊಳೆಯ ತೂತುಗಳಿವೆ. ಆದರೆ ಇಮ್ತಿಯಾಜ್ ಮಾತು ಉಳಿಸಿಕೊಂಡ. ಆಟದೊಳಗೆ ಹುಡುಕಿ ಹುಡುಕಿ ನನ್ನ ಹೆಸರು ಕಂಡೆ. ಸೆಟ್ಟಿಂಗಿನಲ್ಲಿ, ಕೋಚಿನ ಧ್ವನಿ ಎನ್ನುವಲ್ಲಿ, ಚೆಂದದ ಅಕ್ಷರದಲ್ಲಿ 'ಗಿರಿಜಮ್ಮ' ಎಂದಿದೆ. ಪಕ್ಕದಲ್ಲೇ ಆಫ್ ಮಾಡುವ ಗುಂಡಿ. ನನ್ನ ಹೆಸರನ್ನು ಊರವರೆಲ್ಲ ಒತ್ತಿ ಬಾಯಿ ಮುಚ್ಚಿಸಲಿ ಎಂದು ಇಟ್ಟಿದ್ದೀಯಾ ಎಂದು ಜಗಳ ತೆಗೆಯಲು ಹೊರಟವಳು, ಮೊದಲು ಒಂದು ಆಟ ಆಡಿಬಿಡೋಣ ಎಂದು ಕೂತೆ. ಗುತ್ತೂರಿನ ಮೈದಾನದಲ್ಲಿ ಯಾರ ಕೈಗೂ ಸಿಗದವಳು ಹೊರಟ ಕೂಡಲೇ ಔಟ್. ಕೋಚು ಮುಖಕ್ಕೆ ಹೊಡೆದಂತೆ ಬೈದಳು. ಮತ್ತೆ ಆಡಿದೆ, ಮತ್ತೆ ಔಟ್. ಮೊದಲಿಗಿಂತ ಜೋರಾಗಿ ಬೈದಳು. ಎಂಥ ಹೆಂಗಸಪ್ಪಾ ಇವಳು, ಮನೆಯಲ್ಲಿ ಹೇಗೆ ಸಹಿಸುತ್ತಾರೋ ಎಂದುಕೊಂಡು ನಾನೇ ಆ ಗುಂಡಿ ಒತ್ತಿದೆ.