ಸಪ್ಲೈ ಬದ್ಲಿ ಮಾಡಿಸಿದ ಬೂದೆಮ್ಮನ ಕಾರ್ಡು

ಇಂದ,
ಪ್ರಭುರಾಜ ತಂದೆ ಗದ್ದೆಪ್ಪ, ಬಿ.ಎ.,
ಪ್ರಭು ವಿಡಿಯೋ ಮತ್ತು ಡಿ.ಟಿ.ಪಿ., ಮಾನ್ವಿ.
ಖಾಯಂ ವಾಸ: ಕುರಿದಿನ್ನಿ (ಕುರ್ಡಿ ಅಲ್ಲ. ವಿಚಾರಣೆಯ ಎರಡು ನೋಟೀಸುಗಳು ಕುರ್ಡಿಗೆ ಹೋಗಿ, ಅಲ್ಲಿಯ ಯಾರೋ ಬೂದೆಮ್ಮ ಹೆದರಿ ಜ್ವರ ಬಂದು ಮಲಗಿದ್ದಾರೆ.)

ಗೆ,
ಮಾನ್ಯ ಹೊಸ ಪಡಿತರ ಸರಬರಾಜು ನಿರೀಕ್ಷಕರು,
ಕಾರ್ಡು ವಿಚಾರಣಾ ವಿಭಾಗ, ಬೇವಿನ ಗಿಡದ ಹಿಂದಿನ ಕೋಣೆ.

ವಿಷಯ: ಕಂಪ್ಯೂಟರಿನ ಕಾರ್ಡು ಮತ್ತು ಸಪ್ಲೈ ಬದಲಿಸಿದ ಕಾರಣಕ್ಕೆ ಅಮಾನತಾದ ನಮ್ಮ ಪಡಿತರ ಕಾರ್ಡನ್ನೂ, ಅದರ ಸಂಗಡ ಹೋದ ನನ್ನ ತಾಯಿಯ ಯಜಮಾನಿಕೆಯನ್ನೂ ಮರಳಿಸುವ ಕುರಿತು.

ಉಲ್ಲೇಖ: 1) ಹಿಂದಿನ ನಿರೀಕ್ಷಕರ ಅಮಾನತು ನೋಟೀಸು.
2) ಸದರಿ ನಿರೀಕ್ಷಕರ ದೇವದುರ್ಗ ವರ್ಗಾವಣೆ ಆದೇಶ (ನಾವು ಮಾಡಿಸಿದ್ದಲ್ಲ).
3) ನನ್ನ ತಂದೆಯವರು ಕಟ್ಟೆಯ ಮೇಲೆ ಕುಳಿತು ದಿನವೂ ಹೊರಡಿಸುತ್ತಿರುವ ಮೌಖಿಕ ಆದೇಶಗಳು.

ಮಾನ್ಯರೇ,

ತಾವು ಈ ಕುರ್ಚಿಗೆ ಬಂದು ಎಂಟೇ ದಿನವಾಗಿರುವುದರಿಂದಲೂ, ನಮ್ಮ ಭಾಗದ ಬಿಸಿಲಿಗೆ ಯಾವ ಕುರ್ಚಿಯೂ ಬೇಗ ಕಾಯುವುದರಿಂದಲೂ, ಅದು ಕಾಯುವ ಮುಂಚೆಯೇ ಮೇಲ್ಕಾಣಿಸಿದ ವಿಷಯವನ್ನು ತಮ್ಮ ತಣ್ಣನೆಯ ಗಮನಕ್ಕೆ ತರುವುದು ಸೂಕ್ತವೆಂದು ಬರೆದುಕೊಳ್ಳುವುದೇನೆಂದರೆ:

1. ನಾನು ಮಾನ್ವಿಯಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವವನೂ, ಬಿಡುವಿನಲ್ಲಿ ಪರರ ಅರ್ಜಿಗಳನ್ನು ಟೈಪ್ ಮಾಡುವವನೂ ಆಗಿದ್ದು, ಎರಡೂ ಕೆಲಸ ಒಂದೇ ಕಂಪ್ಯೂಟರಿನ ಮೇಲೆ ನಡೆಯುತ್ತವೆ. ಸದರಿ ಕಂಪ್ಯೂಟರು ನಮ್ಮ ಕುಟುಂಬದಂತೆಯೇ ಬಡತನ ರೇಖೆಯ ಕೆಳಗಿನದು. ಅರ್ಜಿ ಕೊಟ್ಟರೆ ತಡೆದುಕೊಳ್ಳುತ್ತದೆ. ಮದುವೆ ಮಾಡಿಸಿದರೆ ತಡೆದುಕೊಳ್ಳುವುದಿಲ್ಲ.

2. ಕಳೆದ ತಿಂಗಳು ಚಂದ್ರಬಂಡದ ಮದುವೆಯೊಂದು ಅದರೊಳಗಿನ ಎರಡು ಜೀಬಿಯ, ಚಿತ್ರ ಓಡಿಸುವ ಹಳೇ ಗ್ರಾಫಿಕ್ಸ್ ಕಾರ್ಡಿಗೆ ಭಾರವಾಗಿ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ನಿಂತುಬಿಟ್ಟಿತು. ವರನು ಎತ್ತಿದ ಕೈ ಎತ್ತಿದಂತೆಯೇ ನಾಲ್ಕು ದಿನ ಇದ್ದನು. ವಧುವಿನ ತಂದೆಯವರು ಫೋನು ಮಾಡಿ, "ಏನ್ ತಮ್ಮಾ, ನಮ್ ಹುಡುಗಿ ಗಂಡನ ಮನಿಗಿ ಹೋಗಿ ಹಬ್ಬಕ್ಕ ತಿರುಗಿ ಬಂದ್ಳು, ನಿನ್ ವಿಡಿಯೋದಾಗ ಇನ್ನಾ ತಾಳೀನ ಬಿದ್ದಿಲ್ಲಲ್ಲ?" ಎಂದು ವಿಚಾರಿಸಿದರು. ಆದ್ದರಿಂದ ಎಂಟು ಜೀಬಿಯ ಹೊಸ ಕಾರ್ಡು ಹಾಕಿಸಿದೆ. ಹಾಕಿಸಿದ ಕಾರಣ ಹಳೇ ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಒಳಭಾಗಗಳಿಗೆ ಹಂಚುವ ತಗಡಿನ ಡಬ್ಬಿ, ಹೊಸ ಕಾರ್ಡಿಗೆ ಉಣಿಸಲಾರದೆ ಬಿಸಿಯಾಗಿ, ಇಡೀ ಕಂಪ್ಯೂಟರನ್ನೇ ಆರಿಸತೊಡಗಿತು. ಈಗ ತಾಳಿಯೂ ಇಲ್ಲ, ವರನೂ ಕಾಣ.

3. ರಾಯಚೂರಿನ ಕಂಪ್ಯೂಟರ್ ಅಂಗಡಿಯ ದಿಲ್ಶಾದ್ ಅವರಿಗೆ ಫೋನು ಹಚ್ಚಲಾಗಿ, "ಆ ಕಾರ್ಡಿಗಿ ಎಷ್ಟ್ ವ್ಯಾಟ್ ಸಪ್ಲೈ ಬೇಕಂತ ಗೂಗಲ್‌ನ್ಯಾಗ ಕೇಳ್ರಿ ಭಾಯ್" ಎಂದರು. ಈ ಮಾತು ಪಕ್ಕದಲ್ಲಿದ್ದ ನನ್ನ ತಂದೆ ಗದ್ದೆಪ್ಪನವರ ಕಿವಿಗೂ ಬಿತ್ತು. ಅವರು ಆ ವಾರ ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಯ ಗೂಗಲ್ ಊರಿಗೇ ಹೊರಟವರಾಗಿದ್ದ ಕಾರಣ, ಅಲ್ಲಮಪ್ರಭು ಗುಡಿಯಲ್ಲಿ ಕಾಯಿ ಒಡೆಸಿ, ಕೇಳಿಕೊಂಡು ಬಂದು ವರದಿ ಸಲ್ಲಿಸಿದರು: "ಗೂಗಲ್‌ನ್ಯಾಗ ಕೇಳ್ದೆಪಾ. ವ್ಯಾಟ್ ಯಾರಿಗೂ ಗೊತ್ತಿಲ್ಲ. ಸೋಮಾರ ಹಾಕ್ಸು, ಚೊಲೊ ಆಗ್ತದ ಅಂದ್ರು." ಆದ್ದರಿಂದ ಸೋಮವಾರ ಹಾಕಿಸುವುದೆಂದು ನಿರ್ಣಯವಾಯಿತು. ವ್ಯಾಟನ್ನು ದಿಲ್ಶಾದ್ ಅವರೇ ಐನೂರೈವತ್ತು ಎಂದು ತೀರ್ಮಾನಿಸಿದರು.

4. ಸೋಮವಾರ ಬಸ್ಸಿನಲ್ಲಿ ಕಂಪ್ಯೂಟರನ್ನು ನನ್ನ ತಾಯಿ ಬೂದೆಮ್ಮನವರು ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಹೆಣ್ಣುಮಕ್ಕಳಿಗೆ ಟಿಕೀಟು ಇಲ್ಲದಿರುವುದರಿಂದ ಕಂಡಕ್ಟರು ಕಂಪ್ಯೂಟರನ್ನು ಮಾತ್ರ ನೋಡಿ, "ಯವ್ವಾ, ಇದು ಹೆಣ್ಣೋ ಗಂಡೋ?" ಎಂದರು. "ಇನ್ನ ಸಣ್ಣದದ, ಯಾವುದಂತ ತಿಳಿದಿಲ್ಲ, ಮುಂದ್ ನಡಿ" ಎಂದು ತಾಯಿಯವರು ಪ್ರಕರಣವನ್ನು ಇತ್ಯರ್ಥಪಡಿಸಿದರು. ಅಂಗಡಿಯಲ್ಲಿ ಹೊಸ ಸಪ್ಲೈ ಕೂರಿಸಲಾಯಿತು. ಹಳೇ ಸಪ್ಲೈಯನ್ನು, ಅಲ್ಲೇ ಕುಳಿತಿದ್ದ ದೇವದುರ್ಗದ ರಿಪೇರಿಯವರೊಬ್ಬರು ಬಿಡಿಭಾಗಕ್ಕೆ ಬಂದೀತೆಂದು ತಮ್ಮ ಊರಿಗೆ ಒಯ್ದರು. ಇಲ್ಲಿಯವರೆಗೆ ಯಾವ ಅಪರಾಧವೂ ಜರುಗಿರುವುದಿಲ್ಲ.

5. ಅಪರಾಧ ಜರುಗಿದ್ದು ಮಂಗಳವಾರ, ನಮ್ಮೂರ ಪಡಿತರ ಅಂಗಡಿಯ ಸಾಲಿನಲ್ಲಿ. ಇದಕ್ಕೆ ಮುಂಚೆ ಎರಡು ಮಾತು ಅರಿಕೆ ಮಾಡಬೇಕಾಗಿದೆ. ಒಂದು, ನಮ್ಮಲ್ಲಿ ತಮ್ಮ ಹುದ್ದೆಯ ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ. 'ಸಪ್ಲೈ' ಎಂದರೆ ತಾವೇ. ಎರಡು, 'ಬದ್ಲಿ' ಎಂಬ ಶಬ್ದ ನಮ್ಮಲ್ಲಿ ಸುಟ್ಟ ಬಲ್ಬಿಗೂ ಅನ್ವಯಿಸುತ್ತದೆ, ವರ್ಗವಾದ ಅಧಿಕಾರಿಗೂ ಅನ್ವಯಿಸುತ್ತದೆ. ಆ ತಿಂಗಳು ತಲೆಗೆ ಎರಡು ಕೇಜಿ ಜೋಳ ಹಂಚುತ್ತಿದ್ದರು. ಸಾಲಿನಲ್ಲಿ ತಾಯಿಯವರ ಹಿಂದೆ ನಿಂತಿದ್ದ ಕುಬ್ರಾ ಬೇಗಂ ಅವರಿಗೂ ತಾಯಿಯವರಿಗೂ ನಡೆದ ಸಂಭಾಷಣೆ ಅಕ್ಷರಶಃ ಹೀಗಿದೆ:

"ಏನ್ ಬೂದೆಮ್ಮಕ್ಕಾ, ನಿನ್ನಿ ಕಾಣ್ಲೇ ಇಲ್ಲ?"

"ರಾಯಚೂರಿಗಿ ಹೋಗಿದ್ನೆವ್ವಾ. ನಮ್ ಪ್ರಭು ಕಾರ್ಡ್ ಬದ್ಲಿ ಮಾಡ್ಸ್ಯಾನ. ಮೊದ್ಲಿಂದರಾಗ ಎರಡ ಇತ್ತು, ಈಗ ಎಂಟ್ ಅದ."

"ಯಾ ಅಲ್ಲಾ, ಎಂಟಾ? ತಲಿಗಾ?"

"ತಲಿ ಗಿಲಿ ನನಗ ತಿಳಿಯಂಗಿಲ್ಲ. ಎಂಟ್ ಜೀಬಿ ಅಂದ."

"ಕೇಜಿ ಅನಬೇ! ಮತ್ತ ಸಪ್ಲೈ ಸುಮ್ನ ಇತ್ತಾ?"

"ಸಪ್ಲೈನೂ ಬದ್ಲಿ ಮಾಡ್ಸಿಬಿಟ್ವಿ. ಬಾಳ ವೀಕ್ ಇತ್ತದು. ಜರಾ ಕೆಲಸ ಬಿತ್ತಂದ್ರ ಗರಂ ಆಗದು, ನಡಕ್ಕ ಕೈಬಿಟ್ಟು ಸುಮ್ನ ಕುಂದರದು."

"ಅದು ಖರೇ ನೋಡಕ್ಕ. ಈಗೆಲ್ಲಿ ಹೋತದು?"

"ದೇವದುರ್ಗಕ್ಕ."

ಅಧಿಕಾರಿಯನ್ನು 'ಅದು' ಎನ್ನುವುದು ನಮ್ಮೂರಿಗೆ ಹೊಸದಲ್ಲವಾದ ಕಾರಣ ಯಾರಿಗೂ ಅನುಮಾನ ಬರಲಿಲ್ಲ. "ಬೂದೆಮ್ಮಗ ಎಂಟು, ನಮಗ ಎರಡಾ?" ಎಂದು ಇಡೀ ಸಾಲು ಅಂಗಡಿಯ ಯಂಕೋಬ ಅವರನ್ನು ಸುತ್ತುವರಿಯಿತು. ಅವರು ತಕ್ಕಡಿ ಕೆಳಗಿಟ್ಟು ಆಗಿನ ನಿರೀಕ್ಷಕರಿಗೆ ಫೋನು ಹಚ್ಚಿದರು.

6. ಆಗಿನ ನಿರೀಕ್ಷಕರು ಬುಧವಾರ ನನ್ನ ಅಂಗಡಿಗೇ ದಯಮಾಡಿಸಿದರು.

"ಬದ್ಲಿ ಮಾಡ್ಸಿದ ಕಾರ್ಡ್ ತಗೀರಿ."

ನಾನು ಸ್ಕ್ರೂ ಬಿಚ್ಚಿ, ಕಂಪ್ಯೂಟರಿನ ಬದಿಯ ತಗಡು ತೆಗೆದು ತೋರಿಸಿದೆ. ಅವರು ಬಗ್ಗಿ ನೋಡಿದರು.

"ಇದಕ್ಯಾಕ್ರಿ ಎರಡು ಫ್ಯಾನು?"

"ಕಾರ್ಡ್ ಬಿಸಿ ಆಗ್ತದ್ರಿ ಸರ್."

"ನಮ್ಮ ಆಫೀಸಿನ್ಯಾಗ ಹತ್ತು ಮಂದಿಗಿ ಒಂದ ಫ್ಯಾನದ. ಇರ್ಲಿ. ಸಪ್ಲೈ ಯಾಕ ಬದ್ಲಿ ಮಾಡ್ಸಿದ್ರಿ?"

"ತಾಕತ್ ಸಾಲ್ತಿದ್ದಿಲ್ರಿ ಸರ್."

ಸದರಿ ಮಾತನ್ನು ಅವರು ತಮಗೇ ಅನ್ವಯಿಸಿಕೊಂಡು ಪೆನ್ನು ತೆಗೆದರು. ನಿಂತಲ್ಲೇ ವರದಿ ಬರೆದರು: "ಸದರಿ ಕುಟುಂಬವು ತನ್ನ ಕಾರ್ಡೊಂದಕ್ಕೇ ಎರಡು ಫ್ಯಾನುಗಳನ್ನು ಅಳವಡಿಸಿಕೊಂಡಿದ್ದು, ಸ್ಥಿತಿವಂತರೆಂದು ಮೇಲ್ನೋಟಕ್ಕೆ ಕಂಡುಬಂದಿರುವುದರಿಂದ, ವಿಚಾರಣೆ ಮುಗಿಯುವವರೆಗೆ ಕಾರ್ಡನ್ನು ಅಮಾನತಿನಲ್ಲಿಡಲಾಗಿದೆ." ನಾನು ಕಂಪ್ಯೂಟರಿನ ಕಾರ್ಡನ್ನು ಕೊಡಲು ಹೋದೆ. ಅವರು ಮನೆಗೆ ಹೋಗಿ, ಅಮಾನತು ನೋಟೀಸು ಕೊಟ್ಟು, ತಾಯಿಯವರ ಕಾರ್ಡನ್ನು ಒಯ್ದರು.

7. ಮರುದಿನವೇ ಅವರಿಗೆ ದೇವದುರ್ಗಕ್ಕೆ ವರ್ಗದ ಆದೇಶ ಬಂತು. ಆ ಆದೇಶ ಎರಡು ತಿಂಗಳಿಂದ ಯಾವುದೋ ಕಪಾಟಿನಲ್ಲಿ ಮಲಗಿತ್ತೆಂದು ಆಮೇಲೆ ತಿಳಿಯಿತು. ಅದು ಗುರುವಾರವೇ ಏಳಬೇಕೆಂದು ನಾವು ಯಾರನ್ನೂ ಕೇಳಿಕೊಂಡಿರುವುದಿಲ್ಲ. ಆದರೆ ಊರು ನಂಬಬೇಕಲ್ಲ? ಅಂದಿನಿಂದ ನನ್ನ ಅಂಗಡಿಗೆ ಮದುವೆಯವರಿಗಿಂತ ಬದ್ಲಿಯವರೇ ಹೆಚ್ಚು. ನಮ್ಮ ಓಣಿಯ ಮಲ್ಲಯ್ಯನವರು ಬಾಗಿಲು ಮುಂದಕ್ಕೆ ಎಳೆದು, ದನಿ ತಗ್ಗಿಸಿ, "ತಮ್ಮಾ, ನಿನ್ ಕಡಿ ಪವರ್ ಅದಂತ, ಸಪ್ಲೈ ಮಾಡ್ತೀಯಂತ. ನಮ್ ಅಳಿಯಾ ಬಂದು ವರ್ಸ ಆತು, ನಮ್ ಮನ್ಯಾಗಿಂದ ಅವನ್ನ ಎಲ್ಲಿಗಾರ ಬದ್ಲಿ ಮಾಡ್ಸು" ಎಂದರು. ಸದರಿ ಅಳಿಯ ಯಾವ ಇಲಾಖೆಯಲ್ಲೂ ಇಲ್ಲವೆಂದು ತಿಳಿಹೇಳಿದರೂ ಒಪ್ಪಲಿಲ್ಲ.

8. ಇದೆಲ್ಲ ನನ್ನ ಕಷ್ಟ, ಸಹಿಸಬಹುದು. ತಾಯಿಯವರದು ಬೇರೆ. ತಮಗೆ ತಿಳಿದಂತೆ ಪಡಿತರ ಕಾರ್ಡಿನಲ್ಲಿ ಕುಟುಂಬದ ಯಜಮಾನಿ ಎಂದು ಹಿರಿಯ ಹೆಣ್ಣುಮಗಳ ಹೆಸರು ಬರುತ್ತದೆ. ನಮ್ಮ ಕಾರ್ಡಿನಲ್ಲಿ ಮೊದಲನೆಯ ಹೆಸರು ಬೂದೆಮ್ಮ, ಭಾವಚಿತ್ರ ಬೂದೆಮ್ಮನದು. ತಂದೆಯವರು ಎರಡನೇ ನಂಬರಿನಲ್ಲಿ 'ಗಂಡ' ಎಂದಷ್ಟೇ ಇದ್ದಾರೆ. ಹೊಲ, ಮನೆ, ಕರೆಂಟಿನ ಮೀಟರು, ಕೊನೆಗೆ ಕುರಿಗಳ ಕಿವಿಯ ಗುರುತು ಕೂಡ ತಂದೆಯವರದೇ. ಆದರೂ ಇಷ್ಟು ವರ್ಷ ಮನೆಯಲ್ಲಿ ಏನೇ ಮಾತು ಬಂದರೂ ತಾಯಿಯವರು, "ಕಾರ್ಡಿನ್ಯಾಗ ಯಾರ್ ಯಜಮಾನಿ ಅದಾರ ನೋಡ್ಕೋ" ಎನ್ನುತ್ತಿದ್ದರು, ತಂದೆಯವರು ಸುಮ್ಮನೆ ಕುರಿ ಕಡೆಗೆ ಹೋಗುತ್ತಿದ್ದರು.

ಕಾರ್ಡು ಹೋದ ದಿನ ಸಂಜೆಯೇ ತಂದೆಯವರು ಕಟ್ಟೆಯ ಮೇಲೆ ಕುಳಿತು, "ಇನ್ ಮ್ಯಾಲ ಯಜಮಾನ ನಾನ. ಚಾ ಮೊದ್ಲ ನನಗ" ಎಂದು ಪ್ರಥಮ ಆದೇಶ ಹೊರಡಿಸಿದರು. ಎರಡನೇ ದಿನ ಜೋಳದ ಡಬ್ಬಿಗಳ ಜಾಗ ಬದಲಾಯಿತು. ಯಾವುದು ಎಲ್ಲಿದೆ ಎಂದು ಈಗ ಅವರಿಗೂ ಗೊತ್ತಿಲ್ಲ. ಮೂರನೇ ದಿನ, ತಾಯಿಯವರು ತವರಿಗೆ ಹೋಗುವುದಿದ್ದಲ್ಲಿ ಮೂರು ದಿನ ಮುಂಚಿತವಾಗಿ ತಿಳಿಸತಕ್ಕದ್ದು ಎಂದಾಯಿತು. ತವರು ಪಕ್ಕದ ಓಣಿಯಲ್ಲಿದೆ.

ತಾಯಿಯವರು ಜಗಳ ಮಾಡಲಿಲ್ಲ. ಅದೇ ನನಗೆ ಹೆದರಿಕೆಯಾಗಿದೆ. ಕಾರ್ಡು ಇಡುತ್ತಿದ್ದ ಪ್ಲಾಸ್ಟಿಕ್ ಚೀಲದೊಳಗೆ ತಮ್ಮ ಕಚೇರಿಯ ನೋಟೀಸನ್ನೇ ಮಡಿಸಿ ಇಟ್ಟುಕೊಂಡಿದ್ದಾರೆ. ಜೋಳಕ್ಕೆ ಬೇರೆ ದಾರಿ ನೋಡೋಣ ಎಂದು ನಾನು ಹೇಳಿದ್ದಕ್ಕೆ ಅಂದರು: "ಜ್ವಾಳ ಹ್ಯಾಂಗರ ಬರ್ತದಲೋ. ನಾ ಹುಟ್ಟಿದಾಗಿಂದ ನನ್ನ ಹೆಸರು ಮ್ಯಾಲ ಬರೆದಿದ್ದು ಅದೊಂದ ಕಾಗದ." ಈ ಮಾತಿಗೆ ಸರಿಹೊಂದುವ ಕಚೇರಿ ಭಾಷೆ ನನಗೆ ದೊರೆಯದ ಕಾರಣ ಹೇಳಿದಂತೆಯೇ ಬರೆದಿರುತ್ತೇನೆ.

9. ಆದ್ದರಿಂದ, ಎರಡರಿಂದ ಎಂಟಾದದ್ದು ಜೋಳವಲ್ಲವಾದ ಕಾರಣ, ಬದ್ಲಿಯಾದ ಸಪ್ಲೈ ತಗಡಿನದಾದ ಕಾರಣ, ಫ್ಯಾನುಗಳ ಗಾಳಿ ಕುಟುಂಬದ ಯಾವ ಸದಸ್ಯರಿಗೂ ಬೀಸದಿರುವ ಕಾರಣ, ಅಮಾನತನ್ನು ತೆರವುಗೊಳಿಸಿ ಕಾರ್ಡನ್ನು ಬೂದೆಮ್ಮನವರ ಕೈಗೇ ಕೊಡಬೇಕಾಗಿ ಪ್ರಾರ್ಥನೆ. ವಿಚಾರಣೆ ತಡವಾಗುವುದಿದ್ದಲ್ಲಿ, ಬೂದೆಮ್ಮನವರೇ ಯಜಮಾನಿ ಎಂದು ಒಂದು ತಾತ್ಕಾಲಿಕ ಚೀಟಿಯನ್ನಾದರೂ, ದೊಡ್ಡ ಮೊಹರು ಸಹಿತ, ದಯಪಾಲಿಸಬೇಕು. ತಂದೆಯವರು ಓದುವುದಿಲ್ಲ, ಮೊಹರಿಗೆ ಅಂಜುತ್ತಾರೆ.

ಹೊಸ ಸಪ್ಲೈ ಮೇಲೆ ಪೂರ್ಣ ಭರವಸೆಯುಳ್ಳ
ತಮ್ಮ ವಿಶ್ವಾಸಿ,
ಪ್ರಭುರಾಜ

ಲಗತ್ತುಗಳು:
ಅ) ಅಮಾನತು ನೋಟೀಸಿನ ನಕಲು (ಅಸಲನ್ನು ತಾಯಿಯವರು ಕೊಡಲಿಲ್ಲ).
ಆ) ಗ್ರಾಫಿಕ್ಸ್ ಕಾರ್ಡಿನ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ, ಎರಡೂ ಫ್ಯಾನು ಕಾಣುವಂತೆ.
ಇ) "ಇದು ಮನುಷ್ಯ ಅಲ್ಲ" ಎಂದು ಹಳೇ ಸಪ್ಲೈ ಬಗ್ಗೆ ದಿಲ್ಶಾದ್ ಅವರು ಬರೆದುಕೊಟ್ಟ ದೃಢೀಕರಣ.

ವಿಶೇಷ ಸೂಚನೆ: ಈ ಅರ್ಜಿಯ ಸುಳಿವು ಹತ್ತಿರುವ ನನ್ನ ತಂದೆಯವರು, ಇದನ್ನು ವಿರೋಧಿಸಿ ನಾಳೆ ತಕರಾರು ಅರ್ಜಿ ಸಲ್ಲಿಸಲಿದ್ದು, ಅದನ್ನೂ ನಾನೇ ಟೈಪ್ ಮಾಡತಕ್ಕದ್ದೆಂದು ಆದೇಶವಾಗಿದೆ. ಅವರದು ಹೆಬ್ಬೆಟ್ಟು. ಹೆಬ್ಬೆಟ್ಟಿನ ಪಕ್ಕ ಸಹಿ ಬರುವ ಸಾಕ್ಷಿಯೊಬ್ಬರು ಬೇಕು, ಟೈಪ್ ಮಾಡಿದವನು ಸಾಕ್ಷಿಯಾಗುವಂತಿಲ್ಲ ಎಂದು ನಾನು ತಿಳಿಸಿದೆ. ತಂದೆಯವರು ಒಳಗೆ ಮುಖ ಮಾಡಿ ಕೂಗಿದರು:

"ಏ ಇವಳೆ, ನಾಳಿಗಿ ನಿಂದೊಂದು ಸೈ ಬೇಕಾಗ್ಯಾದ."

"ಯಾತಕ್ಕ?"

"ನಾ ಯಜಮಾನ ಅಂತ ಬರ್ಸಾಕತ್ತೀನಿ."

"ಹಾಕ್ತೀನಿ ತಗೋ. ಸೈ ಕೆಳಗ ನಾ ಯಾರಂತ ಬರೀಲಿ?"

ತಂದೆಯವರು ಕುರಿ ಕಡೆಗೆ ಹೋಗಿದ್ದಾರೆ. ಕಾರಣ, ಸದರಿ ಸಹಿಯ ಕೆಳಗೆ ಯಾವ ಪದನಾಮ ಟೈಪ್ ಮಾಡಬೇಕೆಂಬುದನ್ನು ತಾವು ನಾಳೆ ಬೆಳಿಗ್ಗೆ ಹನ್ನೊಂದರೊಳಗೆ ತಿಳಿಸಬೇಕಾಗಿ ವಿನಂತಿ. ತಿಳಿಸದಿದ್ದಲ್ಲಿ 'ಯಜಮಾನಿ' ಎಂದೇ ಟೈಪ್ ಮಾಡಲಾಗುವುದು.