ಕಾಕಾನ ಶಾವಿಗೆ ಗಿರಣಿಗೆ ನಾನು ಗೋ ಕಲಿಸಿದ್ದು

“ಇದು ಆಗೂ ಮಾತಲ್ಲ ಬಿಡ” ಎಂದವರು ನಮ್ಮ ಬಸಪ್ಪ ಕಾಕಾ. ಅಪ್ಪನ ತಮ್ಮ. ದೊಡವಾಡದಲ್ಲಿ ಹಿಟ್ಟಿನ ಗಿರಣಿ, ಅದರ ಮಗ್ಗುಲಿಗೇ ಬೇಸಿಗೆಯಲ್ಲಿ ನಡೆಯುವ ಶಾವಿಗೆ ಗಿರಣಿ ಇಟ್ಟುಕೊಂಡವರು. ಈ ಮಾತನ್ನು ಅವರು ಹೇಳಿದ್ದು ಇದೇ ಮೊದಲಲ್ಲ. ನಾನು ಎಸ್ಸೆಸ್ಸೆಲ್ಸಿ ಗಣಿತಕ್ಕೆ ಕೂತಾಗ ಹೇಳಿದ್ದರು. ಬಿಸಿಎ ಓದಲು ಬೈಲಹೊಂಗಲದ ಬಸ್ಸು ಹತ್ತಿದಾಗಲೂ ಹೇಳಿದ್ದರು. ಎರಡೂ ಆದವು! ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಮೊದಲು ಹೊಸ್ತಿಲು ದಾಟಿಸಿದವಳು ನಾನು. ಎಮ್ಮೆ ಹಿಂಡಿ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಓದಿದ ಪದವಿ ಅದು. ಹೀಗಾಗಿ ಕಾಕಾ “ಆಗೂ ಮಾತಲ್ಲ” ಎಂದರೆ ನನಗೆ ಅರ್ಧ ಪಾಸಾದಷ್ಟು ಧೈರ್ಯ.

ಈ ಸಲ ಆಗದ ಮಾತು ಯಾವುದಪ್ಪಾ ಎಂದರೆ, ಶಾವಿಗೆ ಗಿರಣಿಗೆ ಬರುವ ಹೆಂಗಸರ ಪಾಳಿಯನ್ನು ಕಂಪ್ಯೂಟರಿಗೆ ಒಪ್ಪಿಸುವುದು.

“ಲೀಲಾ, ಪೊಲೀಸರು ಬಂದು ನಿಂತ್ರೂ ಈ ಪಾಳಿ ನೆಟ್ಟಗ ನಿಂದರೂದಿಲ್ಲ. ನಿನ್ನ ಲ್ಯಾಪ್‌ಟಾಪ್ ನಿಂದರಸತೈತೇನು?” ಎಂದರು ಕಾಕಾ.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಶಾವಿಗೆಯ ಹಿಟ್ಟು ಕಾಯುವ ಜಾತಿಯದಲ್ಲ. ನಾದಿ, ಒದ್ದೆ ಅರಿವೆ ಮುಚ್ಚಿ, ಬುಟ್ಟಿಯಲ್ಲಿಟ್ಟು ತಂದರೆ ಸ್ವಲ್ಪ ಹೊತ್ತಿನಲ್ಲೇ ಗಿರಣಿಗೆ ಬೀಳಬೇಕು. ತಡವಾದರೆ ಒಣಗುತ್ತದೆ, ಎಳೆ ಹರಿಯುತ್ತದೆ. ಬೇಗ ಮುಗಿದವರಿಗೆ ಮಾಳಿಗೆಯ ಮೇಲೆ ಒಳ್ಳೆಯ ಬಿಸಿಲು. ಹಾಗಾಗಿ ಎಲ್ಲರೂ ನಸುಕಿನಲ್ಲೇ ಬಂದು ಬುಟ್ಟಿ ಇಟ್ಟು ಪಾಳಿ ಹಿಡಿಯುತ್ತಾರೆ. ಒಬ್ಬರ ಬುಟ್ಟಿ ಗೇಣು ಸರಿಯಿತೋ, ಎರಡು ಮನೆತನಗಳ ಇತಿಹಾಸ ಹೊರಗೆ ಬಂತು!

ನನ್ನ ಯೋಜನೆ ಸರಳವಾಗಿತ್ತು. ಎಲ್ಲರೂ ಮನೆಯಲ್ಲೇ ಇರಲಿ. ಒಬ್ಬರ ಶಾವಿಗೆ ಮುಗಿದಾಗ ಅವರ ನಂತರದವರ ಮೊಬೈಲಿಗೆ ಒಂದು ಮೆಸೇಜ್. ಅದು ಬಂದ ಮೇಲೆ ಹಿಟ್ಟು ನಾದಿ ಆರಾಮಾಗಿ ಬರಲಿ. ಇದಕ್ಕೆ ನಾನು ಆರಿಸಿಕೊಂಡದ್ದು ಗೋ ಎಂಬ ಕಂಪ್ಯೂಟರ್ ಭಾಷೆ.

ಗೋ ಕಲಿತದ್ದು ನಮ್ಮ ಕಡೆಯ ಪ್ರೋಗ್ರಾಮರುಗಳ ಒಂದು ಬಳಗದಲ್ಲಿ. ವಾರವಿಡೀ ಮೊಬೈಲಿನಲ್ಲಿ ಚರ್ಚೆ, ಭಾನುವಾರ ಕಿತ್ತೂರಿನಲ್ಲಿ ವಾಮನ ಸರ್ ಮನೆಯ ಮಹಡಿಯಲ್ಲಿ ಕೂಟ. ವಾಮನ ಸರ್ ಪೂಜೆ, ಪಂಚಾಂಗದ ಮನೆತನದವರು. ಈಗಲೂ ಸಂಧ್ಯಾವಂದನೆ ಮುಗಿಯದೆ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಬಳಗದವರು ಕಲಿತವರಿಗೆ ಪ್ರಮಾಣಪತ್ರ ಕೊಡುತ್ತಾರೆ. ಆದರೆ ಪರೀಕ್ಷೆ ಇಲ್ಲ, ಒಂದೇ ಷರತ್ತು.

“ಮನಿ ಮಂದಿ ಬಿಟ್ಟು ಹೊರಗಿನ ಮಂದಿ ನಿಮ್ಮ ಪ್ರೋಗ್ರಾಮ್ ಬಳಸಬೇಕು. ಬಳಸಿ, ‘ನಾಳೆನೂ ಇರಲಿ’ ಅನಬೇಕು. ಅಷ್ಟ ನೋಡ್ರಿ,” ಎಂದಿದ್ದರು ಸರ್.

ಅಷ್ಟೇ ತಾನೆ! ನಮ್ಮ ಓಣಿಯ ಹೆಂಗಸರ ಬಾಯಿಂದ “ನಾಳಿನೂ ಇರ್ಲಿ” ಎಂಬ ಎರಡು ಶಬ್ದ. ಬಿಸಿಎ ಮಾಡಿದವಳಿಗೆ ಇದೇನು ದೊಡ್ಡದು?

ಗೋ ಭಾಷೆಯ ದೊಡ್ಡ ಹೆಮ್ಮೆ ಒಂದಿದೆ. ಯಾವುದೇ ಕೆಲಸದ ಮುಂದೆ ‘ಗೋ’ ಎಂದು ಬರೆದರೆ ಸಾಕು, ಆ ಕೆಲಸ ತನ್ನ ಪಾಡಿಗೆ ತಾನು ಹೊರಟುಬಿಡುತ್ತದೆ. ಪ್ರೋಗ್ರಾಮ್ ಅದಕ್ಕಾಗಿ ಕಾಯದೆ ಮುಂದಿನ ಸಾಲಿಗೆ ಹೋಗುತ್ತದೆ. ಇಂಥ ಸೌಲಭ್ಯ ಕೈಯಲ್ಲಿರುವಾಗ ಕಂಜೂಷಿತನ ಯಾಕೆ ಎಂದು ನಾನು ಕಂಡಕಂಡಲ್ಲಿ ಗೋ ಹಾಕಿದೆ. ಅವ್ವನ ಮೊಬೈಲಿಗೂ ನನ್ನ ಮೊಬೈಲಿಗೂ ಕಳಿಸಿ ಪರೀಕ್ಷೆ ಮಾಡಿದೆ. ಎರಡೂ ಒಂದೇ ಕ್ಷಣಕ್ಕೆ ಟಣ್ ಎಂದವು. ಎಂಥ ವೇಗ ಎಂದು ಬೀಗಿದೆ. ಆ ಒಂದೇ ಕ್ಷಣದಲ್ಲಿ ನನ್ನ ವಿನಾಶ ಅಡಗಿದೆ ಎಂದು ತಿಳಿಯಲಿಲ್ಲ.

ಮೆಸೇಜನ್ನು ಪದವಿಗೆ ತಕ್ಕ ಗಾಂಭೀರ್ಯದಿಂದ ಬರೆದಿದ್ದೆ: “ಮಾನ್ಯರೇ, ತಮ್ಮ ಪಾಳಿಯು ಬಂದಿರುತ್ತದೆ. ತಡಮಾಡದೆ ಹಿಟ್ಟಿನ ಸಮೇತ ಖುದ್ದಾಗಿ ಹಾಜರಾಗತಕ್ಕದ್ದು.”

ಮೊದಲ ದಿನ. ಗಿರಣಿಯ ಮೂಲೆಯಲ್ಲಿ ಗೋಧಿ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಾಕಾನ ಮುಂದೆ ಎಂಟರ್ ಒತ್ತಿದೆ. ಎದುರು ಮನೆಯಲ್ಲಿ ಟಣ್. ಹಿತ್ತಲ ಮನೆಯಲ್ಲಿ ಟಣ್. ಆಮೇಲೆ ಓಣಿಯ ಉದ್ದಕ್ಕೂ ಟಣ್ ಟಣ್ ಟಣ್! ಸ್ವಲ್ಪ ಹೊತ್ತಿಗೆ ಮನೆಮನೆಯಿಂದ ಪರಾತದಲ್ಲಿ ಹಿಟ್ಟು ಗುದ್ದುವ ಸದ್ದು ಶುರುವಾಯಿತು.

“ಮಂದಿಗೆ ಏನ್ ಉತ್ಸಾಹ ನೋಡ್ರಿ ಕಾಕಾ!” ಎಂದೆ.

ಕಾಕಾ ಕಿವಿಗೊಟ್ಟು ಕೇಳಿದರು. “ಲೀಲಾ, ಇದು ಒಬ್ಬಾಕಿ ನಾದೂ ಸಪ್ಪಳ ಅಲ್ಲ ಯವ್ವಾ.”

ಅಷ್ಟರಲ್ಲಿ ಮೆರವಣಿಗೆ ಬಂದೇ ಬಂತು. ಎಲ್ಲರ ಸೊಂಟದ ಮೇಲೆ ಬುಟ್ಟಿ. ಮುಂದೆ ಎದುರು ಮನೆಯ ಗೌರವ್ವಕ್ಕ. ಆಕೆ ದನಿ ಎತ್ತಿದರೆ ಗಿರಣಿಯ ಬೆಲ್ಟೇ ಒಂದು ಸುತ್ತು ನಿಧಾನವಾಗುತ್ತದೆ.

“ಬಸಪ್ಪಣ್ಣಾ, ನನ್ನ ಪಾಳಿ ಬಂದೈತಿ, ಗಿರಣಿ ಹಚ್ಚ.”

“ನಿಂದೆಂಗ ಬರತೈತಿ? ನಂದ ಬಂದೈತಿ!” ಎಂದಳು ಹಿಂದಿದ್ದವಳು.

“ನಂಗೂ ಬಂದೈತ್ರಿ, ಬೇಕಾರ ಓದ್ರಿ!”

ಎಲ್ಲರೂ ಮೊಬೈಲು ಮೇಲೆತ್ತಿ ಹಿಡಿದರು. ಮೊದಲಾದರೆ ಬರೀ ಬುಟ್ಟಿಯ ಜಗಳ. ಈಗ ಪ್ರತಿಯೊಬ್ಬರ ಕೈಯಲ್ಲೂ ಲಿಖಿತ ಆಧಾರ! ಅದನ್ನು ಒದಗಿಸಿದವಳು ನಾನು!

ಇಷ್ಟರ ನಡುವೆ ಮೂಲಿಮನಿ ಅಜ್ಜಿ ಇಲಕಲ್ಲ ಸೀರೆ ಉಟ್ಟು, ಕೈಯಲ್ಲಿ ಆಧಾರ್ ಕಾರ್ಡು ಹಿಡಿದು ನಡುಗುತ್ತ ಬಂದಳು. ಸೊಸೆ ಮೆಸೇಜು ಓದಿ ಹೇಳಿದ್ದಳಂತೆ.

“ಖುದ್ದ ಹಾಜರಾಗಬೇಕಂತಲ್ಲೋ ಬಸ್ಯಾ. ನಾ ಯಾರ ಮ್ಯಾಲೂ ಕೇಸ ಹಾಕಿಲ್ಲೋ ನಮ್ಮಪ್ಪಾ!”

ಯಾರ ಹಿಟ್ಟು ಮೊದಲು ಎಂಬುದು ತೀರ್ಮಾನವಾಗುವ ಹೊತ್ತಿಗೆ ಎಲ್ಲರ ಹಿಟ್ಟೂ ಬಿರುಕು ಬಿಟ್ಟಿತ್ತು. ಗಿರಣಿಯಿಂದ ಎಳೆ ಎಳೆಯಾಗಿ ಇಳಿಯಬೇಕಾದದ್ದು ಪುಡಿ ಪುಡಿಯಾಗಿ ಉದುರಿತು. ಗೌರವ್ವಕ್ಕ ಒಂದು ಚಿಟಿಕೆ ಅಂಗೈಯಲ್ಲಿ ಹಿಡಿದು, “ಬಸಪ್ಪಣ್ಣಾ, ಇದು ಶಾವಿಗೇನೋ ಒಗ್ಗರಣಿಗೆ ಹಾಕೂ ಜೀರಿಗೇನೋ? ನಾಳಿಂದ ನಾವು ಬೈಲಹೊಂಗಲದ ಗಿರಣಿಗೇ ಹೋಗತೇವಿ” ಎಂದಳು.

ಕಾಕಾ ಬಗ್ಗಿ ಉದುರಿದ ಪುಡಿ ಗುಡಿಸತೊಡಗಿದರು. “ಆಗೂ ಮಾತಲ್ಲ” ಎಂದೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಅವರ ಶಾವಿಗೆ ಗಿರಣಿ ನಡೆಯುವುದೇ ಬೇಸಿಗೆಯ ಕೆಲವೇ ದಿನ. ಅದಕ್ಕೇ ನಾನು ಕಲ್ಲು ಹಾಕಿದ್ದೆ.

ಆದರೆ ತಪ್ಪು ನನ್ನದು ಎಂದು ಒಪ್ಪಲು ಪದವಿ ಬಿಡಬೇಕಲ್ಲ! ಬಳಗದಲ್ಲಿ ಬರೆದೆ: “ಗೋ ಭಾಷೆಯಲ್ಲಿ ಗಂಭೀರ ದೋಷ ಪತ್ತೆ. ಎಲ್ಲರ ತುರ್ತು ಗಮನಕ್ಕೆ.”

ವಾಮನ ಸರ್ ಯಾವ ದೋಷ ಬಂದರೂ ಮೂರು ಪ್ರಶ್ನೆ ಕೇಳುತ್ತಾರೆ. ಅದು ಅವರಿಗೆ ಮಂತ್ರವಿದ್ದಂತೆ, ಒಂದಕ್ಷರ ಬದಲಾಗುವುದಿಲ್ಲ. “ಏನ್ ಮಾಡಿದ್ರಿ? ಏನಾಗಬೇಕಾಗಿತ್ತು? ಏನಾತು?”

ನಾನು ಉತ್ತರಿಸಿದೆ. “ಒಂದು: ಏನೂ ಮಾಡಲಿಲ್ಲ. ಎರಡು: ಸರಿಯಾಗಬೇಕಾಗಿತ್ತು. ಮೂರು: ಸರಿಯಾಗಲಿಲ್ಲ.”

ಸರ್ ಬರೆದರು: “ಇಷ್ಟ ಮಾಹಿತಿಯೊಳಗ ನಮ್ಮ ತಂದೆಯವರು ಜಾತಕಾನೂ ನೋಡ್ತಿದ್ದಿಲ್ಲ. ಕೋಡ್ ಹಾಕ್ರಿ.”

ಕೋಡ್ ಹಾಕಿದೆ. ಚರ್ಚೆ ಶುರುವಾಯಿತು. ಸುರೇಬಾನದ ಈರಣ್ಣ ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂತು ಪ್ರೋಗ್ರಾಮ್ ಬರೆಯುವವನು. “ಇದಕ್ಕ ಚಾನೆಲ್ ಬೇಕು” ಎಂದ. ಚಾನೆಲ್ ಎಂದರೆ ಒಂದು ಕೆಲಸ ಇನ್ನೊಂದು ಕೆಲಸಕ್ಕೆ ಸುದ್ದಿ ಮುಟ್ಟಿಸುವ ದಾರಿ. ಇನ್ನೊಬ್ಬರು “ಬೀಗ ಹಾಕಿದರೆ ಸಾಕು” ಎಂದರು. ಮತ್ತೊಬ್ಬರು “ಯಾವ ಆವೃತ್ತಿ?” ಎಂದು ಕೇಳಿದರು. ಅಷ್ಟರಲ್ಲಿ ಯಾರೋ “ಶಾವಿಗೆಗೆ ಹಾಲು ಬೆಲ್ಲ ಚಲೋನೋ, ಮಾವಿನಹಣ್ಣಿನ ಸೀಕರಣಿ ಚಲೋನೋ?” ಎಂದುಬಿಟ್ಟರು. ಅಲ್ಲಿಗೆ ಗೋ ಮುಗಿಯಿತು! ಅದುವರೆಗೆ ಸುಮ್ಮನಿದ್ದವರೂ ಎದ್ದು ಬಂದರು. ಬಳಗ ಎರಡು ಪಂಗಡವಾಯಿತು.

ಆ ಗದ್ದಲದ ನಡುವೆ ವಾಮನ ಸರ್ ಒಂದು ಉದ್ದನೆಯ ಉತ್ತರ ಬರೆದಿದ್ದರು. “ಪ್ರತಿಯೊಬ್ಬರ ಪಾಳಿಯ ಮುಂದ ಗೋ ಹಾಕೀರಿ. ಅಂದ್ರ ಒಬ್ಬರದು ಮುಗಿಯೂತನಕ ಕಾಯದ, ಎಲ್ಲಾರಿಗೂ ಒಮ್ಮೆಲೇ ಹೊರಡ್ರಿ ಅಂದ್ಹಂಗಾತು. ಆ ಗೋ ತಗೀರಿ...” ಅದರ ಕೆಳಗೆ ಮೊಬೈಲು “ಇನ್ನಷ್ಟು ಓದಿ” ಎಂದು ತೋರಿಸುತ್ತಿತ್ತು. ಪದವೀಧರೆಯಾದ ನಾನು ಇನ್ನಷ್ಟು ಓದಲಿಲ್ಲ. ಈರಣ್ಣ ಹೇಳಿದ ಚಾನೆಲ್ ಹಾಕಿ, ಇದ್ದಬದ್ದ ಗೋಗಳನ್ನೆಲ್ಲ ಕಳೆ ಕಿತ್ತ ಹಾಗೆ ಕಿತ್ತೆಸೆದೆ.

ಎರಡನೆಯ ದಿನ. ಕಾಕು, ಅಂದರೆ ಕಾಕಾನ ಹೆಂಡತಿ, ಮನೆಮನೆಗೆ ಹೋಗಿ ಕೈಮುಗಿದು ಹೆಂಗಸರನ್ನು ಒಪ್ಪಿಸಿದ್ದಳು. ಎಂಟರ್ ಒತ್ತಿದೆ. ಗೌರವ್ವಕ್ಕನಿಗೆ ಮಾತ್ರ ಮೆಸೇಜು ಹೋಯಿತು. ಆಕೆ ಒಬ್ಬಳೇ ಬಂದಳು. ಶಾವಿಗೆ ರೇಷ್ಮೆಯ ಎಳೆಯಂತೆ ಇಳಿಯಿತು. ನಾನು ಕಾಕಾನ ಕಡೆ ಒಂದು ನೋಟ ಬೀರಿದೆ. ಮುಂದಿನವರಿಗೆ ಹೇಳಲು “ಮುಗಿಯಿತು” ಎಂದು ಮತ್ತೆ ಎಂಟರ್ ಒತ್ತಿದೆ.

ಪ್ರೋಗ್ರಾಮ್ ಸತ್ತಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮರಣ ವಾರ್ತೆ.

“ಏನ ಅಂತೈತವಾ ಅದು?” ಕಾಕಾ ಕೇಳಿದರು.

“ಎಲ್ಲಾರೂ ಮಲಗ್ಯಾರ ಅಂತೈತ್ರಿ ಕಾಕಾ.”

ಕಾಕಾ ಸೊಂಟದ ಮೇಲೆ ಕೈಯಿಟ್ಟು ನಿಂತ ಗೌರವ್ವಕ್ಕನನ್ನು ನೋಡಿದರು. “ಯಾರ ಮಲಗ್ಯಾರ? ಆಕಿ ನೋಡ, ಕಣ್ಣ ಸೈತ ಪಿಳಕಸವಲ್ಲಳು!”

ಮಲಗಿದ್ದು ಪ್ರೋಗ್ರಾಮಿನ ಒಳಗಿನ ಕೆಲಸಗಳು. ಹೊರಗೆ ಓಣಿ ನಿಶ್ಶಬ್ದ. ಮೆಸೇಜು ಬರಲೆಂದು ಉಳಿದವರೆಲ್ಲ ಮೊಬೈಲು ಹಿಡಿದು ಮನೆಯಲ್ಲೇ ಕೂತಿದ್ದಾರೆ. ಗಿರಣಿ ಖಾಲಿ ತಿರುಗುತ್ತಿದೆ. ಬಿಸಿಲು ಸುಮ್ಮನೆ ಹೋಗುತ್ತಿದೆ. ನಿನ್ನೆ ಎಲ್ಲರೂ ಬಂದರು, ಇಂದು ಯಾರೂ ಬರಲಿಲ್ಲ. ಎರಡೂ ಒಬ್ಬಳದೇ ಸಾಧನೆ!

ನಾನು ಗೋಧಿ ಚೀಲಗಳ ಹಿಂದೆ ಹೋಗಿ ಕೂತೆ. ಆ ಪದವಿಗಾಗಿ ಅವ್ವ ತನಗೊಂದು ಹೊಸ ಸೀರೆ ತಗೊಳ್ಳದೆ ಇದ್ದದ್ದು ನೆನಪಾಯಿತು. ಕಾಕು ಚಹಾ ತಂದು ನನ್ನ ಮಗ್ಗುಲಿಗೆ ಕೂತಳು. ನಾನು ಸರ್ ಅವರ ಮೂರು ಪ್ರಶ್ನೆಗಳನ್ನು ಎಷ್ಟು ಸಲ ಗೊಣಗಿದ್ದೆನೋ, ಆಕೆಗೆ ಬಾಯಿಪಾಠವಾಗಿತ್ತು.

“ಅಳಬ್ಯಾಡ. ಈಗ ನನಗ ಹೇಳ. ಏನ ಮಾಡಿದಿ?”

“ಎಲ್ಲಾ ಗೋ ತಗದೆ.”

“ಏನಾಗಬೇಕಾಗಿತ್ತು?”

“ನಾ ಎಂಟರ್ ಒತ್ತಿದ ಮ್ಯಾಲೆ ಒಬ್ಬಂವ ‘ಮುಗೀತು’ ಅನಬೇಕಾಗಿತ್ತು. ಇನ್ನೊಬ್ಬಂವ ಅದನ್ನ ಕೇಳಿ ಮುಂದಿನವರಿಗೆ ಹೇಳಬೇಕಾಗಿತ್ತು.”

“ಏನಾತು?”

“ಅನ್ನಾಂವ ಅಂದು, ಯಾರರೆ ಕೇಳ್ಲಿ ಅಂತ ಅಲ್ಲೇ ನಿಂತಾನ. ಕೇಳಾಂವ...” ನಾನು ಅಲ್ಲಿಗೇ ನಿಂತೆ. ಕೇಳುವವನೂ ಅವನೇ! ಗೋಗಳನ್ನೆಲ್ಲ ಕಿತ್ತ ಮೇಲೆ ನನ್ನ ಪ್ರೋಗ್ರಾಮಿನಲ್ಲಿ ಉಳಿದವನು ಒಬ್ಬನೇ. ತಾನೇ ಹೇಳಿ, ತಾನೇ ಕೇಳಬೇಕಾದವನು ಬಾಗಿಲಲ್ಲಿ ನಿಂತೇಬಿಟ್ಟಿದ್ದ.

“ನನಗೇನೂ ತಿಳೀಲಿಲ್ಲವಾ,” ಎಂದಳು ಕಾಕು. “ಆದ್ರ ನಿನ್ನ ಮಾರಿ ನೋಡಿದ್ರ ನಿನಗ ತಿಳದಂಗ ಕಾಣತೈತಿ. ಚಾ ಕುಡಿ.”

ಇದನ್ನೇ ಬಳಗಕ್ಕೆ ಬರೆದೆ, ಈ ಸಲ ನೆಟ್ಟಗೆ. ವಾಮನ ಸರ್ ಉತ್ತರ ಬಂತು: “ಈಗ ನೋಡ್ರಿ, ಕೇಳಿದವರೂ ನೀವ, ಹೇಳಿದವರೂ ನೀವ. ‘ಮುಗೀತು’ ಅನ್ನೋ ಕೆಲಸದ ಮುಂದಿನ ಗೋ ಒಂದ ಇರಲಿ ಅಂತ ನಿನ್ನೇನ ಬರದಿದ್ದೆ.” ನಾನು ಹಿಂದಕ್ಕೆ ಹೋಗಿ “ಇನ್ನಷ್ಟು ಓದಿ” ಒತ್ತಿದೆ. ಬರೆದಿದ್ದರು! ದಪ್ಪ ಅಕ್ಷರದಲ್ಲಿ ಬರೆದಿದ್ದರು! ಈರಣ್ಣ ಕೆಳಗೆ ಸೇರಿಸಿದ: “ಅಭಿನಂದನೆಗಳು ಮೇಡಂ. ಗೋ ಭಾಷೆ ಉಳೀತು.”

ಕಾಕು ಮನೆಮನೆಗೆ ಹೋಗಿ ಮತ್ತೊಮ್ಮೆ ಕೈಮುಗಿದು ಬಂದಳು. ಮಾರನೆಯ ದಿನ ಆ ಒಂದೇ ಒಂದು ಗೋ ಇಟ್ಟುಕೊಂಡು ಗಿರಣಿಗೆ ಹೋದೆ. ಮೆಸೇಜನ್ನು ಕಾಕುವೇ ಹೇಳಿ ಬರೆಸಿದಳು: “ಹಿಟ್ಟ ನಾದಿಕೊಂಡು ಬರ್ರಿ ಯವ್ವಾ.” ಒಬ್ಬರು ಹೋದಂತೆ ಇನ್ನೊಬ್ಬರು ಬಂದರು. ಬುಟ್ಟಿ ಸರಿಸುವವರಿಲ್ಲ, ಬೈಯುವವರಿಲ್ಲ. ಸಂಜೆಗೆ ಎಲ್ಲರ ಮಾಳಿಗೆಯ ಮೇಲೂ ಶಾವಿಗೆ ಒಣಗಿತ್ತು. ನಾನು ಗೌರವ್ವಕ್ಕನ ಮನೆಗೆ ಹೋಗಿ ಬಾಗಿಲಲ್ಲೇ ನಿಂತೆ. ಆಕೆ ಶಾವಿಗೆಯನ್ನು ಡಬ್ಬಿಗೆ ತುಂಬುತ್ತ ತಲೆ ಎತ್ತಲಿಲ್ಲ.

“ಚಲೋ ಆತು, ಖರೇ. ಆದ್ರ ಬುಟ್ಟಿ ಇಟ್ಟ ಕುಂತಾಗ ನಾಕ ಮಂದಿ ಸುದ್ದಿ ತಿಳೀತಿತ್ತು. ಈಗ ಊರಾಗ ಏನ ನಡದೈತಿ ಅಂತ ಗೊತ್ತಾಗವಲ್ದು.” ಡಬ್ಬಿಯ ಮುಚ್ಚಳ ಒತ್ತಿದಳು. “ಇರ್ಲಿ. ನಾಳಿನೂ ಇರ್ಲಿ.”

ನಾನು ಓಡಿದ ವೇಗಕ್ಕೆ ಯಾವ ಗೋ ಕೂಡ ಸಮ ಇರಲಿಲ್ಲ.

ಭಾನುವಾರ ಕಿತ್ತೂರಿನ ಮಹಡಿಗೆ ಅವ್ವ, ಕಾಕಾ, ಕಾಕು ಎಲ್ಲರೂ ಬಂದರು. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದರು. ಕಾಕು ಬಳಗಕ್ಕೆಲ್ಲ ಶಾವಿಗೆ ಪಾಯಸ ತಂದಿದ್ದಳು. ಸೀಕರಣಿ ಪಂಗಡದವರು ಮುಖ ಸಣ್ಣದು ಮಾಡಿ ಎರಡೆರಡು ಸಲ ಹಾಕಿಸಿಕೊಂಡರು. ವಾಮನ ಸರ್ ಪ್ರಮಾಣಪತ್ರವನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಸೆರಗಿನಿಂದ ಒರೆಸಿ ಕಾಕಾನಿಗೆ ಕೊಟ್ಟಳು, ಅದರ ಮೇಲೆ ಧೂಳೇನೂ ಇರಲಿಲ್ಲ.

ಕಾಕಾ ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. ಜೀವನದಲ್ಲಿ ಮೊದಲ ಸಲ “ಆತು” ಎನ್ನುತ್ತಾರೆ ಎಂದು ನಾನು ಕಿವಿ ನೆಟ್ಟಗೆ ಮಾಡಿದೆ.

“ಆತವಾ, ಆತು. ಗಾಜಿನ ಕಟ್ಟ ಹಾಕಿಸಿ ಗಿರಣ್ಯಾಗ ತೂಗ ಹಾಕೂನು, ಊರಿಗೆಲ್ಲಾ ಊಟ ಹೇಳೂನು,” ಎಂದರು. ಆಮೇಲೆ ಪ್ರಮಾಣಪತ್ರವನ್ನು ಎದೆಗೊತ್ತಿ ಹಿಡಿದು, ದನಿ ತಗ್ಗಿಸಿದರು. “ಆದ್ರ ನೀ ಮಾತ್ರ ಯಾರಿಗೂ ಮೆಸೇಜ್ ಮಾಡಬ್ಯಾಡ ನನ್ನವ್ವಾ. ನಾ ಮನಿಮನಿಗೆ ಹೋಗಿ ಹೇಳಿ ಬರತೇನಿ.”